‘ಸ್ಯಾಂಕ್ಷನ್’: ಸಾಲಕ್ಕೂ ಅದೇ ಪದ, ಶಿಕ್ಷೆಗೂ ಅದೇ ಪದ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿ ಮುಗಿಸಿ, ಈಗ ಪಿಎಸ್‌ಸಿ ಪರೀಕ್ಷೆಗಳಿಗೆ ತಯಾರಿ ನಡೆಸುತ್ತಿದ್ದೇನೆ. ಅಭ್ಯಾಸಕ್ಕೆಂದು ದಿನವೂ ಇಂಗ್ಲಿಷ್ ಪತ್ರಿಕೆ ಓದುತ್ತೇನೆ. ‘ಸ್ಯಾಂಕ್ಷನ್’ ಎಂಬ ಪದ ನನ್ನನ್ನು ಬಹಳ ಕಾಡಿದೆ. ತಂದೆಯವರ ಕೃಷಿ ಸಾಲ ಸ್ಯಾಂಕ್ಷನ್ ಆಯಿತು ಎಂದರೆ ಸಂತೋಷದ ಸುದ್ದಿ. ರಷ್ಯಾದ ಮೇಲೆ ಸ್ಯಾಂಕ್ಷನ್ ಎಂದರೆ ಶಿಕ್ಷೆ. ಅಧಿಕಾರಿಯೊಬ್ಬರ ವಿರುದ್ಧ ‘ಸ್ಯಾಂಕ್ಷನ್ ಫಾರ್ ಪ್ರಾಸಿಕ್ಯೂಷನ್’ ದೊರೆಯಿತು ಎಂದು ಓದಿದಾಗ ಇದು ಎರಡರಲ್ಲಿ ಯಾವುದೆಂದೇ ತಿಳಿಯಲಿಲ್ಲ. ನಿಘಂಟಿನಲ್ಲಿ ಮಂಜೂರಾತಿ, ಅನುಮತಿ, ದಂಡನೆ, ನಿರ್ಬಂಧ ಎಂದು ಎಲ್ಲವನ್ನೂ ಒಟ್ಟಿಗೆ ಕೊಟ್ಟಿದ್ದಾರೆ. ಇವುಗಳಲ್ಲಿ ಯಾವುದನ್ನು ನೆನಪಿಟ್ಟುಕೊಳ್ಳಲಿ? ಇಂತಹ ಪದಗಳನ್ನು ಕಲಿಯುವ ಕ್ರಮ ಯಾವುದು?

ಉತ್ತರ: ನಿಮ್ಮ ನಿಘಂಟಿನಲ್ಲಿ ತಪ್ಪೇನೂ ಇಲ್ಲ, ನಿಮ್ಮ ಓದಿನಲ್ಲಿಯೂ ಇಲ್ಲ. ಒಪ್ಪಿಗೆ ಮತ್ತು ದಂಡನೆ ಎಂಬ ಎರಡು ಎದುರು ಬದುರಾದ ಅರ್ಥಗಳನ್ನು ಈ ಪದ ನಿಜಕ್ಕೂ ಹೊತ್ತುಕೊಂಡಿದೆ. ಇಂಗ್ಲಿಷನ್ನು ತಾಯಿನುಡಿಯಾಗಿ ಆಡುವವರು ಗೊಂದಲಕ್ಕೆ ಬೀಳದೆ ಇದನ್ನು ಬಳಸುವುದು ಅವರು ನಾಲ್ಕು ಸಮಾನಾರ್ಥಕಗಳನ್ನು ಬಾಯಿಪಾಠ ಮಾಡಿರುವ ಕಾರಣಕ್ಕಲ್ಲ. ಪದ ಏಕವಚನದಲ್ಲಿದೆಯೇ ಬಹುವಚನದಲ್ಲಿದೆಯೇ, ಅದರ ಹಿಂದೆ ಯಾವ ಕ್ರಿಯಾಪದವಿದೆ, ಮುಂದೆ ‘ಫಾರ್’ ಇದೆಯೇ ‘ಆನ್’ ಇದೆಯೇ ಎಂಬುದನ್ನು ಅವರ ಕಿವಿ ತಾನಾಗಿಯೇ ಗಮನಿಸುತ್ತದೆ. ನಾವು ಅದನ್ನು ಕಣ್ಣಿನಿಂದ, ಪ್ರಜ್ಞಾಪೂರ್ವಕವಾಗಿ ಗಮನಿಸಲು ಕಲಿಯಬೇಕು. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಹಲವು ವರ್ಷ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ, ಮುಂದೆ ಲಂಡನ್ನಿನಲ್ಲಿ ಭಾಷಾವಿಜ್ಞಾನದ ದೊಡ್ಡ ಗುರುವೆನಿಸಿದ ಜೆ. ಆರ್. ಫರ್ತ್ 1957ರಲ್ಲಿ ಬರೆದ ಮಾತಿನ ಸಾರವೂ ಇದೇ: ಪದವೊಂದನ್ನು ಅದರ ಸಹವಾಸದಿಂದ ಅರಿಯಬೇಕು. ನಿಮ್ಮ ಪದಕ್ಕೆ ಈ ಮಾತು ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಉಚ್ಚಾರಣೆಯನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಇದರ ಅಕ್ಷರಗಳು ಎಸ್, ಎ, ಎನ್, ಸಿ, ಟಿ, ಐ, ಓ, ಎನ್. ಒತ್ತು ಮೊದಲ ಭಾಗವಾದ ‘ಸ್ಯಾಂಕ್’ ಮೇಲೆ ಬೀಳುತ್ತದೆ. ನಮ್ಮ ಕಚೇರಿಗಳಲ್ಲಿ ಸೇಂಕ್ಷನ್ ಎಂದೂ ಸಾಂಕ್ಷನ್ ಎಂದೂ ಕೇಳುತ್ತೇವೆ. ಬರೆಯುವಾಗ ಸಿ ಮತ್ತು ಟಿ ಎರಡೂ ಇರಬೇಕೆಂಬುದನ್ನು ಮರೆಯದಿದ್ದರೆ ಸಾಕು.

ನಮಗೆ ಹೆಚ್ಚು ಪರಿಚಯವಿರುವ ಅರ್ಥದಿಂದ ಪ್ರಾರಂಭಿಸುತ್ತೇನೆ. ಅಧಿಕಾರವುಳ್ಳ ಒಬ್ಬ ವ್ಯಕ್ತಿ ಅಥವಾ ಸಂಸ್ಥೆ ವಿಧಿವತ್ತಾಗಿ, ಸಾಮಾನ್ಯವಾಗಿ ಲಿಖಿತವಾಗಿ ಕೊಡುವ ಒಪ್ಪಿಗೆಯೇ ಇಲ್ಲಿನ ಸ್ಯಾಂಕ್ಷನ್. ಅಧಿಕಾರವುಳ್ಳ ಎಂಬ ಮಾತನ್ನು ಬಿಡಬಾರದು. ಮಗಳು ಪ್ರವಾಸಕ್ಕೆ ಹೋಗಲು ತಾಯಿ ಒಪ್ಪಿದರೆ ಅದಕ್ಕೆ ಇಂಗ್ಲಿಷಿನಲ್ಲಿ ‘ಪರ್ಮಿಷನ್’ ಎನ್ನುತ್ತಾರೆ. ಸ್ಯಾಂಕ್ಷನ್ ಎಂದರೆ ಅದು ವಿಪರೀತ ಗಂಭೀರವಾಗಿ ಕೇಳಿಸುತ್ತದೆ. ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿ ಸಾಲಕ್ಕೆ, ಮೇಲಧಿಕಾರಿ ರಜೆಗೆ, ಸರಕಾರ ಹೊಸ ಹುದ್ದೆಗೆ ಕೊಡುವ ಒಪ್ಪಿಗೆಗಳು ಈ ಪದಕ್ಕೆ ಹೇಳಿಮಾಡಿಸಿದ ಸಂದರ್ಭಗಳು. ‘ದ ಬ್ಯಾಂಕ್ ಹ್ಯಾಸ್ ಸ್ಯಾಂಕ್ಷನ್ಡ್ ದ ಲೋನ್’ ಎಂಬ ವಾಕ್ಯದಲ್ಲಿ ಕ್ರಿಯಾಪದದ ಕರ್ಮ ಯಾವುದೆಂದು ನೋಡಿ: ಸಾಲ. ಸಾಲ, ರಜೆ, ಮೊತ್ತ, ಯೋಜನೆ, ಹುದ್ದೆ ಇವುಗಳಂತಹ ವಸ್ತು ಅಥವಾ ವಿಷಯವೇ ಆ ಸ್ಥಾನದಲ್ಲಿ ಬರುತ್ತದೆ. ಇದೇ ಅರ್ಥದಲ್ಲಿ ನಾಮಪದವಾದಾಗ ಪದವು ಬಹುಮಟ್ಟಿಗೆ ಏಕವಚನದಲ್ಲಿಯೇ ಇರುತ್ತದೆ, ಎಷ್ಟೋ ಸಲ ಅದರ ಹಿಂದೆ ‘ಎ’ ಎಂಬ ಉಪಪದವೂ ಇರುವುದಿಲ್ಲ. ‘ವಿದೌಟ್ ಸ್ಯಾಂಕ್ಷನ್’, ‘ವಿತ್ ದ ಸ್ಯಾಂಕ್ಷನ್ ಆಫ್ ದ ಗವರ್ನ್‌ಮೆಂಟ್’, ‘ಗಿವ್ ಸ್ಯಾಂಕ್ಷನ್ ಟು’, ‘ಸ್ಯಾಂಕ್ಷನ್ ಫಾರ್’ ಎಂಬಂತೆ ಬರುತ್ತದೆ.

ಭಾರತದ ಆಡಳಿತ ಭಾಷೆ ಈ ಅರ್ಥವನ್ನು ಬ್ರಿಟಿಷರ ಕಾಲದಿಂದ ಬಹಳ ಪ್ರೀತಿಯಿಂದ ಉಳಿಸಿಕೊಂಡು ಬಂದಿದೆ. ಪಂಚಾಯತಿನ ರಸ್ತೆ ಕಾಮಗಾರಿಯ ಕಡತದಲ್ಲಿ ಮೊದಲು ‘ಅಡ್ಮಿನಿಸ್ಟ್ರೇಟಿವ್ ಸ್ಯಾಂಕ್ಷನ್’ ಬರುತ್ತದೆ, ಆ ಕೆಲಸ ಮಾಡಬಹುದು, ಅದಕ್ಕೆ ಇಷ್ಟು ಹಣ ವೆಚ್ಚ ಮಾಡಬಹುದು ಎಂಬ ಆಡಳಿತಾತ್ಮಕ ಮಂಜೂರಾತಿ. ಅನಂತರ ‘ಟೆಕ್ನಿಕಲ್ ಸ್ಯಾಂಕ್ಷನ್’, ಎಂಜಿನಿಯರರು ಅಂದಾಜು ಪಟ್ಟಿಯನ್ನೂ ವಿನ್ಯಾಸವನ್ನೂ ಪರಿಶೀಲಿಸಿ ಕೊಡುವ ತಾಂತ್ರಿಕ ಮಂಜೂರಾತಿ. ಪೊಲೀಸ್ ಠಾಣೆಯಲ್ಲಿ ಇರಬೇಕಾದ ಸಿಬ್ಬಂದಿಯ ಸಂಖ್ಯೆ ‘ಸ್ಯಾಂಕ್ಷನ್ಡ್ ಸ್ಟ್ರೆಂತ್’. ನಿಜವಾಗಿ ಇರುವವರ ಸಂಖ್ಯೆ ಅದಕ್ಕಿಂತ ಕಡಿಮೆ ಇರಬಹುದು. ಸರ್ವೋಚ್ಚ ನ್ಯಾಯಾಲಯದ ಮಂಜೂರಾದ ನ್ಯಾಯಮೂರ್ತಿಗಳ ಸಂಖ್ಯೆಯನ್ನು 2019ರಲ್ಲಿ ಮುಖ್ಯ ನ್ಯಾಯಮೂರ್ತಿಯವರೂ ಸೇರಿ 34ಕ್ಕೆ ಏರಿಸಿದಾಗ ಪತ್ರಿಕೆಗಳು ಬಳಸಿದ್ದು ಇದೇ ಪದಗುಚ್ಛವನ್ನು. ನೀವು ಬರೆಯಲಿರುವ ಪರೀಕ್ಷೆಗಳು ಸರಕಾರಿ ಕೆಲಸಕ್ಕೆ ಸಂಬಂಧಿಸಿದವಾದುದರಿಂದ ಈ ಗುಚ್ಛಗಳು ನಿಮಗೆ ಮುಂದೆಯೂ ಪ್ರತಿದಿನ ಎದುರಾಗುವವು. ಬಿಡಿ ಪದವನ್ನು ಕಲಿಯುವುದಕ್ಕಿಂತ ಇವನ್ನು ಗುಚ್ಛವಾಗಿಯೇ ಕಲಿಯುವುದು ಹೆಚ್ಚು ಪ್ರಯೋಜನಕರ.

ಇನ್ನು ದಂಡನೆಯ ಅರ್ಥ. ಇಲ್ಲಿ ಪದ ಸಾಮಾನ್ಯವಾಗಿ ಬಹುವಚನದ ‘ಸ್ಯಾಂಕ್ಷನ್ಸ್’ ಆಗಿಬಿಡುತ್ತದೆ, ಜೊತೆಗೆ ‘ಆನ್’ ಅಥವಾ ‘ಅಗೇನ್ಸ್ಟ್’ ಬರುತ್ತದೆ. ಅದನ್ನು ಹೇರುವುದಕ್ಕೆ ‘ಇಂಪೋಸ್’, ಹಿಂತೆಗೆಯುವುದಕ್ಕೆ ‘ಲಿಫ್ಟ್’, ಸಡಿಲಿಸುವುದಕ್ಕೆ ‘ಈಸ್’, ಬಿಗಿಗೊಳಿಸುವುದಕ್ಕೆ ‘ಟೈಟನ್’ ಎಂಬ ಕ್ರಿಯಾಪದಗಳಿವೆ. ಸಾಲದ ಮಂಜೂರಾತಿಯನ್ನು ಯಾರೂ ಇಂಪೋಸ್ ಮಾಡುವುದಿಲ್ಲ, ಯಾರೂ ಈಸ್ ಮಾಡುವುದಿಲ್ಲ. ಆದುದರಿಂದ ಈ ನಾಲ್ಕು ಕ್ರಿಯಾಪದಗಳಲ್ಲಿ ಒಂದು ಕಂಡೊಡನೆ ಮುಂದಿನ ಪದವನ್ನು ಓದುವುದಕ್ಕೆ ಮೊದಲೇ ಅರ್ಥ ನಿಶ್ಚಯವಾಗಿರುತ್ತದೆ. ‘ಎಕನಾಮಿಕ್’, ‘ಟ್ರೇಡ್’ ಎಂಬ ವಿಶೇಷಣಗಳು ಹಿಂದೆ ಬಂದರೂ ಹಾಗೆಯೇ.

ಈ ಅಂತಾರಾಷ್ಟ್ರೀಯ ಬಳಕೆ ಹಳೆಯದೇನಲ್ಲ. ಮೊದಲ ಮಹಾಯುದ್ಧದ ಬಳಿಕ 1919ರಲ್ಲಿ ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಒಡಂಬಡಿಕೆ ರೂಪುಗೊಂಡಾಗ ಅದರ 16ನೆಯ ವಿಧಿಯು, ಒಪ್ಪಂದ ಮುರಿದು ಯುದ್ಧಕ್ಕಿಳಿದ ದೇಶದೊಂದಿಗೆ ಉಳಿದವರು ವ್ಯಾಪಾರ ಮತ್ತು ಹಣಕಾಸಿನ ಸಂಬಂಧ ಕಡಿದುಕೊಳ್ಳಬೇಕೆಂದು ಹೇಳಿತು. ಇಂತಹ ಕ್ರಮಗಳಿಗೇ ಸ್ಯಾಂಕ್ಷನ್ಸ್ ಎಂಬ ಹೆಸರು ನೆಲೆಗೊಂಡಿತು. 1935ರಲ್ಲಿ ಇಟಲಿ ಅಬಿಸೀನಿಯದ (ಇಂದಿನ ಇಥಿಯೋಪಿಯ) ಮೇಲೆ ದಂಡೆತ್ತಿ ಹೋದಾಗ ಈ ಪದ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಆದರೆ ಆಗ ಹೇರಿದ ನಿರ್ಬಂಧಗಳಲ್ಲಿ ಪೆಟ್ರೋಲಿಯಂ ಸೇರಿರಲಿಲ್ಲ, ಇಟಲಿಯ ಸೈನ್ಯ ನಿಲ್ಲಲೂ ಇಲ್ಲ. ವಿಶ್ವಸಂಸ್ಥೆಯ ಸನ್ನದಿನ 41ನೆಯ ವಿಧಿ ಇದೇ ಬಗೆಯ ಕ್ರಮಗಳನ್ನು ವಿವರಿಸುತ್ತದೆ, ಆದರೆ ಆ ವಿಧಿಯಲ್ಲಿ ಸ್ಯಾಂಕ್ಷನ್ ಎಂಬ ಪದವಿಲ್ಲ, ಸಶಸ್ತ್ರ ಬಲವನ್ನು ಬಳಸದ ಕ್ರಮಗಳು ಎಂಬ ವಿವರಣೆ ಮಾತ್ರ ಇದೆ. ಕುವೈತನ್ನು ಆಕ್ರಮಿಸಿದ ಇರಾಕಿನ ಮೇಲೆ 1990ರ ಆಗಸ್ಟ್ ತಿಂಗಳಲ್ಲಿ ಭದ್ರತಾ ಮಂಡಳಿ ಹೇರಿದ ನಿರ್ಬಂಧಗಳನ್ನು ಕಾಸರಗೋಡಿನ ಹಿರಿಯರು ಮರೆತಿರಲಾರರು; ಕೊಲ್ಲಿಯಲ್ಲಿ ದುಡಿಯುವವರಿದ್ದ ಮನೆಗಳಿಗೆ ಅದು ದೂರದ ಸುದ್ದಿಯಾಗಿರಲಿಲ್ಲ. ನಮ್ಮ ದೇಶವೂ ಈ ಪದದ ಕರ್ಮಸ್ಥಾನದಲ್ಲಿ ಇದ್ದದ್ದುಂಟು: 1998ರ ಮೇ ತಿಂಗಳ ಪೋಖರಣ್ ಅಣುಪರೀಕ್ಷೆಗಳ ಬಳಿಕ ಅಮೆರಿಕ ಭಾರತದ ಮೇಲೆ ಸ್ಯಾಂಕ್ಷನ್ಸ್ ಹೇರಿತು, ಅವುಗಳ ಬಹುಭಾಗವನ್ನು 2001ರ ಸೆಪ್ಟೆಂಬರಿನಲ್ಲಿ ತೆಗೆಯಿತು.

ನಿಮ್ಮ ಮೂರನೆಯ ಉದಾಹರಣೆಗೆ ಬರುತ್ತೇನೆ, ಏಕೆಂದರೆ ಅದೇ ಅತ್ಯಂತ ಸೂಕ್ಷ್ಮವಾದದ್ದು. ಸರಕಾರಿ ನೌಕರರು ತಮ್ಮ ಕರ್ತವ್ಯಕ್ಕೆ ಸಂಬಂಧಿಸಿದಂತೆ ಮಾಡಿದ ಕೆಲಸಕ್ಕಾಗಿ ಸುಮ್ಮಸುಮ್ಮನೆ ನ್ಯಾಯಾಲಯಕ್ಕೆ ಎಳೆಯಲ್ಪಡಬಾರದು ಎಂಬ ಉದ್ದೇಶದಿಂದ ನಮ್ಮ ಕಾನೂನು ಒಂದು ರಕ್ಷಣೆಯನ್ನು ಕೊಟ್ಟಿದೆ. 1988ರ ಭ್ರಷ್ಟಾಚಾರ ತಡೆ ಕಾಯಿದೆಯ 19ನೆಯ ಕಲಮಿನ ಪ್ರಕಾರ, ಅವರನ್ನು ಹುದ್ದೆಯಿಂದ ತೆಗೆಯುವ ಅಧಿಕಾರವುಳ್ಳವರ ಪೂರ್ವಾನುಮತಿ ಇಲ್ಲದೆ ಆ ಕಾಯಿದೆಯ ನಿರ್ದಿಷ್ಟ ಅಪರಾಧಗಳನ್ನು ನ್ಯಾಯಾಲಯವು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 197ನೆಯ ಕಲಮು, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೆಯ ಕಲಮು ಕೂಡ ಇಂತಹ ಪೂರ್ವಾನುಮತಿಯ ಕುರಿತೇ ಹೇಳುತ್ತವೆ. ಹೀಗಾಗಿ ‘ಸ್ಯಾಂಕ್ಷನ್ ಫಾರ್ ಪ್ರಾಸಿಕ್ಯೂಷನ್’ ಎಂಬುದರಲ್ಲಿ ಸ್ಯಾಂಕ್ಷನ್ ಎಂದರೆ ಅನುಮತಿಯೇ. ಶಿಕ್ಷೆಯ ಛಾಯೆ ಬರುವುದು ‘ಪ್ರಾಸಿಕ್ಯೂಷನ್’ ಎಂಬ ಪಕ್ಕದ ಪದದಿಂದ. ಸುದ್ದಿ ಆ ಅಧಿಕಾರಿಯ ಪಾಲಿಗೆ ಕೆಟ್ಟದ್ದು, ಆದರೆ ಪದದ ಅರ್ಥ ಒಪ್ಪಿಗೆಯದು. ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಎಂಬುದರ ಮೇಲೆ ಅರ್ಥವನ್ನು ಊಹಿಸಿದರೆ ದಾರಿ ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ನನಗೆ ತಿಳಿದಿಲ್ಲ. ಏಕವಚನ, ಮುಂದೆ ‘ಫಾರ್’: ಈ ಎರಡು ಗುರುತುಗಳೇ ಸರಿಯಾದ ಉತ್ತರವನ್ನು ಕೊಡುತ್ತವೆ. ‘ಸ್ಯಾಂಕ್ಷನ್ ಡಿನೈಡ್’ ಎಂದು ಮರುದಿನ ಓದಿದರೆ ಆ ಅಧಿಕಾರಿಗೆ ಅದು ನೆಮ್ಮದಿಯ ಸುದ್ದಿ.

ಒಂದೇ ಪದದಲ್ಲಿ ಒಪ್ಪಿಗೆಯೂ ದಂಡನೆಯೂ ಕೂಡಿದ್ದು ಹೇಗೆ ಎಂದು ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ಮೂಲ ತಿಳಿದರೆ ಎರಡು ಅರ್ಥಗಳು ಎರಡಾಗಿ ಉಳಿಯುವುದಿಲ್ಲ. ಇದು ಲ್ಯಾಟಿನ್ ಭಾಷೆಯ ‘ಸಾಂಕೀರೆ’ ಎಂಬ ಧಾತುವಿನಿಂದ ಬಂದದ್ದು. ಯಾವುದನ್ನಾದರೂ ಪವಿತ್ರವೆಂದು, ಮುರಿಯಬಾರದ್ದೆಂದು ವಿಧಿಸಿ ಕಟ್ಟುಮಾಡುವುದು ಅದರ ಅರ್ಥ. ಸಂತರಿಗೆ ಹೇಳುವ ‘ಸೈಂಟ್’, ದೇವಾಲಯದ ಗರ್ಭಗುಡಿಗೆ ನಮ್ಮ ಇಂಗ್ಲಿಷ್ ಬರಹಗಳಲ್ಲಿ ಬಳಸುವ ‘ಸ್ಯಾಂಕ್ಟಮ್’, ವನ್ಯಜೀವಿಗಳ ಅಭಯಧಾಮಕ್ಕೆ ಹೇಳುವ ‘ಸ್ಯಾಂಕ್ಚುಯರಿ’ ಇವೆಲ್ಲ ಅದೇ ಮನೆತನದವು. ಕ್ರಿಸ್ತಶಕ 533ರಲ್ಲಿ ರೋಮನ್ ಚಕ್ರವರ್ತಿ ಜಸ್ಟೀನಿಯನ್ ಹೊರಡಿಸಿದ ಕಾನೂನಿನ ಪಠ್ಯದಲ್ಲಿ ಒಂದು ಸ್ವಾರಸ್ಯಕರವಾದ ಮಾತಿದೆ. ನಗರದ ಕೋಟೆಗೋಡೆಗಳೂ ಹೆಬ್ಬಾಗಿಲುಗಳೂ ‘ಸಾಂಕ್ಟೆ’, ಅಂದರೆ ಮುಟ್ಟಬಾರದವು. ಅವನ್ನು ಕೆಡಿಸಿದವನಿಗೆ ಮರಣದಂಡನೆ ಇರುವುದರಿಂದಲೇ ಅವನ್ನು ಹಾಗೆ ಕರೆಯುವುದು. ಕಾನೂನಿನಲ್ಲಿ ತಪ್ಪಿತಸ್ಥರಿಗೆ ಶಿಕ್ಷೆ ಗೊತ್ತುಪಡಿಸುವ ಭಾಗಕ್ಕೆ ‘ಸಾಂಕ್ಟಿಯೋ’ ಎಂದು ಹೆಸರಾದದ್ದೂ ಹಾಗೆಯೇ ಎಂದು ಅಲ್ಲಿ ವಿವರಿಸಿದ್ದಾರೆ.

ನಮ್ಮ ಊರುಗಳ ನಾಗಬನವನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಬನ ಪವಿತ್ರವೆಂದು ಊರು ಒಪ್ಪಿದೆ. ಅಲ್ಲಿಯ ಮರಕ್ಕೆ ಕತ್ತಿ ತಾಗಿಸಿದರೆ ನಾಗದೋಷ ತಟ್ಟುತ್ತದೆ ಎಂದೂ ಊರು ನಂಬಿದೆ. ಆ ಒಪ್ಪಿಗೆ ಬೇರೆ, ಈ ಭಯ ಬೇರೆ ಎಂದು ಯಾರೂ ಎಣಿಸುವುದಿಲ್ಲ, ಎರಡೂ ಸೇರಿಯೇ ಬನವನ್ನು ಕಾಯುತ್ತವೆ. ಲ್ಯಾಟಿನ್ ಪದದ ಹೊಟ್ಟೆಯೊಳಗೆ ಇದ್ದದ್ದು ಇಂತಹ ಅವಿಭಕ್ತವಾದ ಕಲ್ಪನೆ. ಇಂಗ್ಲಿಷಿಗೆ ಅದು ಮೊದಲು ವಿಧಿ, ಶಾಸನ ಎಂಬ ಅರ್ಥದಲ್ಲಿ ಬಂತು. ಯುರೋಪಿನ ಇತಿಹಾಸದಲ್ಲಿ ನೀವು ಓದುವ, ಆಸ್ಟ್ರಿಯದ ಆರನೆಯ ಚಾರ್ಲ್ಸ್ ದೊರೆ 1713ರಲ್ಲಿ ಹೊರಡಿಸಿದ ‘ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್’ ಎಂಬುದರಲ್ಲಿ ಈ ಹಳೆಯ ಅರ್ಥ ಉಳಿದಿದೆ. ಗಂಡುಮಕ್ಕಳಿಲ್ಲದಿದ್ದರೆ ಹೆಣ್ಣುಮಕ್ಕಳಿಗೂ ಉತ್ತರಾಧಿಕಾರ ಸಲ್ಲಬಹುದೆಂದು ಹೇಳಿದ ಆ ಶಾಸನವನ್ನು ಮಂಜೂರಾತಿ ಎಂದೂ ನಿರ್ಬಂಧ ಎಂದೂ ಅನುವಾದಿಸುವಂತಿಲ್ಲ, ಅದೊಂದು ರಾಜಾಜ್ಞೆ. ಮುಂದೆ ಶಾಸನಕ್ಕೆ ಬಲ ಕೊಡುವ ದೃಢೀಕರಣದ ಕಡೆ ನೋಡಿದವರು ಒಪ್ಪಿಗೆಯ ಅರ್ಥವನ್ನು ಬೆಳೆಸಿದರು, ಮುರಿದವರಿಗೆ ಕಾದಿರುವ ಶಿಕ್ಷೆಯ ಕಡೆ ನೋಡಿದವರು ದಂಡನೆಯ ಅರ್ಥವನ್ನು ಬೆಳೆಸಿದರು. ಇಂಗ್ಲಿಷ್ ದಾರ್ಶನಿಕ ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮನುಷ್ಯನ ನಡತೆಯನ್ನು ಕಟ್ಟಿಹಾಕುವ ನಾಲ್ಕು ಬಗೆಯ ಸ್ಯಾಂಕ್ಷನ್‌ಗಳನ್ನು, ಅಂದರೆ ಪ್ರಕೃತಿಯದು, ರಾಜ್ಯದ್ದು, ಜನಾಭಿಪ್ರಾಯದ್ದು, ಧರ್ಮದ್ದು ಎಂದು ವಿಂಗಡಿಸಿದಾಗ ಸುಖವನ್ನೂ ನೋವನ್ನೂ ಎರಡನ್ನೂ ಲೆಕ್ಕಕ್ಕೆ ಹಿಡಿದಿದ್ದ. ಪ್ಲಸ್ ವನ್ ಸಮಾಜಶಾಸ್ತ್ರದಲ್ಲಿ ‘ಪಾಸಿಟಿವ್ ಸ್ಯಾಂಕ್ಷನ್’ ಎಂದರೆ ಮೆಚ್ಚುಗೆ, ಬಹುಮಾನ. ‘ನೆಗೆಟಿವ್ ಸ್ಯಾಂಕ್ಷನ್’ ಎಂದರೆ ನಿಂದೆ, ಶಿಕ್ಷೆ ಎಂದು ಕಲಿಸುವುದರ ಹಿಂದೆ ಇದೇ ಪರಂಪರೆಯಿದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಬೇಕು, ವಿದೇಶಕ್ಕೆ ಅರ್ಜಿ ಹಾಕುವ ನಮ್ಮ ಕಡೆಯ ಯುವಜನರಿಗೆ ಇದು ವಿಶೇಷವಾಗಿ ಬೇಕಾಗುವುದು. ಕ್ರಿಯಾಪದದ ಕರ್ಮಸ್ಥಾನದಲ್ಲಿ ವಸ್ತುವಿನ ಬದಲು ವ್ಯಕ್ತಿ, ಕಂಪನಿ ಅಥವಾ ದೇಶ ಬಂದರೆ ಅರ್ಥ ತಲೆಕೆಳಗಾಗುತ್ತದೆ. ‘ದ ಯೂನಿವರ್ಸಿಟಿ ಸ್ಯಾಂಕ್ಷನ್ಡ್ ದ ಪ್ರಾಜೆಕ್ಟ್’ ಎಂದರೆ ಯೋಜನೆಗೆ ಒಪ್ಪಿಗೆ ದೊರೆಯಿತು. ‘ದ ಯೂನಿವರ್ಸಿಟಿ ಸ್ಯಾಂಕ್ಷನ್ಡ್ ದ ಸ್ಟೂಡೆಂಟ್’ ಎಂದರೆ ವಿದ್ಯಾರ್ಥಿಯ ಮೇಲೆ ಶಿಸ್ತುಕ್ರಮ ಜರಗಿತು. ಕ್ರಿಯಾಪದಕ್ಕೆ ದಂಡಿಸು ಎಂಬ ಈ ಅರ್ಥ ಬಂದದ್ದು 20ನೆಯ ಶತಮಾನದಲ್ಲಿ, ಈಗ ಅಮೆರಿಕದ ಕಾಲೇಜುಗಳಲ್ಲಿ, ಕ್ರೀಡಾಸಂಸ್ಥೆಗಳಲ್ಲಿ, ಸರಕಾರಿ ಪ್ರಕಟಣೆಗಳಲ್ಲಿ ಅದು ದಿನಬಳಕೆಯ ಮಾತು. ನಮ್ಮ ಬ್ಯಾಂಕಿನ ಭಾಷೆಯ ಪ್ರಭಾವದಿಂದ ‘ದ ಬ್ಯಾಂಕ್ ಸ್ಯಾಂಕ್ಷನ್ಡ್ ಮಿ ಎ ಲೋನ್’ ಎಂದು ಬರೆದರೆ ಭಾರತದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೊರಗಿನ ಓದುಗರು ವಾಕ್ಯದ ನಡುವೆ ತಡವರಿಸುತ್ತಾರೆ. ಸಾಲ, ರಜೆ, ವಿದ್ಯಾರ್ಥಿವೇತನ ಇವುಗಳ ಕುರಿತು ವಿದೇಶಕ್ಕೆ ಬರೆಯುವಾಗ ‘ಅಪ್ರೂವ್’ ಅಥವಾ ‘ಗ್ರ್ಯಾಂಟ್’ ಎಂದೇ ಬರೆಯಿರಿ ಎಂಬುದು ನನ್ನ ಸ್ಪಷ್ಟವಾದ ಸಲಹೆ. ಭಾರತೀಯ ಬಳಕೆ ತಪ್ಪೆಂದು ನಾನು ಹೇಳುತ್ತಿಲ್ಲ. ಇಲ್ಲಿನ ಕಚೇರಿ ಪತ್ರದಲ್ಲಿ ಸ್ಯಾಂಕ್ಷನ್ ಎಂಬುದೇ ಸರಿಯಾದ, ಎಲ್ಲರಿಗೂ ಸ್ಪಷ್ಟವಾದ ಪದ.

ಪತ್ರಿಕೆಯ ಶೀರ್ಷಿಕೆಗಳಲ್ಲಿ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಅಲ್ಲಿ ಉಪಪದಗಳನ್ನೂ ಸಹಾಯಕ ಕ್ರಿಯಾಪದಗಳನ್ನೂ ಕಿತ್ತು ಹಾಕಿರುತ್ತಾರೆ, ಮತ್ತು ‘ಸ್ಯಾಂಕ್ಷನ್ಸ್’ ಎಂಬ ರೂಪ ಬಹುವಚನದ ನಾಮಪದವೂ ಆಗಬಹುದು, ವರ್ತಮಾನ ಕಾಲದ ಕ್ರಿಯಾಪದವೂ ಆಗಬಹುದು. ‘ಸೆಂಟರ್ ಸ್ಯಾಂಕ್ಷನ್ಸ್ ನ್ಯೂ ರೈಲ್ವೆ ಲೈನ್’ ಎಂಬಲ್ಲಿ ಕರ್ತೃ ನಮ್ಮ ಸರಕಾರ, ಕರ್ಮ ರೈಲು ಮಾರ್ಗ, ಆದುದರಿಂದ ಮಂಜೂರಾತಿ. ‘ಯುಎಸ್ ಸ್ಯಾಂಕ್ಷನ್ಸ್ ಶಿಪ್ಪಿಂಗ್ ಫರ್ಮ್’ ಎಂಬಲ್ಲಿ ಕರ್ತೃ ಒಂದು ದೇಶ, ಕರ್ಮ ಪರದೇಶದ ಕಂಪನಿ, ಆದುದರಿಂದ ದಂಡನೆ. ಶೀರ್ಷಿಕೆಯಲ್ಲಿ ಸಂಶಯ ಉಳಿದರೆ ಸುದ್ದಿಯ ಮೊದಲ ವಾಕ್ಯವನ್ನು ಓದದೆ ಅರ್ಥವನ್ನು ತೀರ್ಮಾನಿಸಬೇಡಿ.

ಕಾಸರಗೋಡಿನ ಓದುಗರಾಗಿ ನಿಮಗೆ ಒಂದು ದೊಡ್ಡ ಅನುಕೂಲವೂ ಅದರ ಜೊತೆಗೊಂದು ತೊಡಕೂ ಇದೆ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿಯ ಕನ್ನಡಿಗರು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ, ಕಚೇರಿಯಲ್ಲಿ ಮಲಯಾಳವನ್ನೂ ಇಂಗ್ಲಿಷನ್ನೂ ಬಳಸುತ್ತ ಬಂದಿದ್ದಾರೆ. ಆದುದರಿಂದ ಒಂದೇ ಧ್ವನಿಗೆ ಎರಡು ಅರ್ಥಗಳಿರುವುದು ನಿಮಗೆ ಹೊಸತಲ್ಲ. ಉಪನ್ಯಾಸವೆಂದರೆ ಕನ್ನಡ ತರಗತಿಯಲ್ಲಿ ಭಾಷಣ, ಮಲಯಾಳ ತರಗತಿಯಲ್ಲಿ ಪ್ರಬಂಧ. ಸಂಸಾರವೆಂದರೆ ನಮಗೆ ಕುಟುಂಬ, ಅವರಿಗೆ ಮಾತುಕತೆ. ಅವಸರವೆಂದರೆ ನಮಗೆ ಆತುರ, ಅವರಿಗೆ ಅವಕಾಶ. ಎದುರಿಗಿರುವವರ ಭಾಷೆ ಯಾವುದೆಂದು ನೋಡಿ ಅರ್ಥವನ್ನು ಕ್ಷಣಮಾತ್ರದಲ್ಲಿ ಬದಲಿಸಿಕೊಳ್ಳುವ ಅಭ್ಯಾಸ ನಿಮಗೆ ಬಾಲ್ಯದಿಂದಲೇ ಇದೆ. ಸ್ಯಾಂಕ್ಷನ್‌ನಲ್ಲಿ ಎದುರಿನ ವ್ಯಕ್ತಿಯ ಬದಲು ಪಕ್ಕದ ಪದವನ್ನು ನೋಡಬೇಕು, ಅಷ್ಟೇ ವ್ಯತ್ಯಾಸ.

ತೊಡಕು ಇರುವುದು ಈ ಪದದ ಅನುವಾದದಲ್ಲಿಯೇ. ಅನುವಾದ ಎಂದೆನಲ್ಲ, ಅದೇ ಮೊದಲ ಉದಾಹರಣೆ: ಕನ್ನಡದಲ್ಲಿ ಅದು ಭಾಷಾಂತರ, ಮಲಯಾಳದಲ್ಲಿ ‘ಅನುವಾದಂ’ ಎಂದರೆ ಅನುಮತಿ, ಅಂದರೆ ಸ್ಯಾಂಕ್ಷನ್ನಿನ ಒಂದು ಅರ್ಥ. ಸಾಲ ‘ಅನುವದಿಚ್ಚು’ ಎಂದು ಮಲಯಾಳ ಪತ್ರಿಕೆಯಲ್ಲಿ ಓದಿದ್ದನ್ನು ಕನ್ನಡಕ್ಕೆ ತರುವಾಗ ಸಾಲ ಅನುವಾದವಾಯಿತು ಎಂದು ಬರೆಯುವಂತಿಲ್ಲ. ಎರಡನೆಯದು ನಿರ್ಬಂಧ. ಕನ್ನಡದಲ್ಲಿ ಅದು ಮುಖ್ಯವಾಗಿ ತಡೆ, ಕಟ್ಟುಪಾಡು. ದೇಶದ ಮೇಲೆ ಹೇರುವ ಸ್ಯಾಂಕ್ಷನ್ಸ್‌ಗೆ ಕನ್ನಡ ಪತ್ರಿಕೆಗಳು ಆರ್ಥಿಕ ನಿರ್ಬಂಧ ಎಂದು ಬರೆಯುತ್ತವೆ. ಮಲಯಾಳದ ‘ನಿರ್ಬಂಧಂ’ ಎಂದರೆ ಒತ್ತಾಯ, ಕಡ್ಡಾಯ, ಹಟ. ಸ್ಯಾಂಕ್ಷನ್ಸ್‌ಗೆ ಅವರು ‘ಉಪರೋಧಂ’ ಎನ್ನುತ್ತಾರೆ. ಆದುದರಿಂದ ಈ ಪದದ ವಿಷಯದಲ್ಲಿ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಕನ್ನಡದ ಅರ್ಥವನ್ನೂ ಮಲಯಾಳದ ಅರ್ಥವನ್ನೂ ಬೇರೆ ಬೇರೆ ಸಾಲಿನಲ್ಲಿ, ಯಾವ ಭಾಷೆಯದೆಂದು ನಮೂದಿಸಿಯೇ ಬರೆದುಕೊಳ್ಳಿ. ಇಬ್ಬಗೆಯ ಪಠ್ಯಗಳನ್ನು ಓದುವ ನಮ್ಮ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಇಂತಹ ಬೆರಕೆ ಉಂಟಾಗುವುದು ಜಾಣತನದ ಕೊರತೆಯಿಂದಲ್ಲ, ಯಾರೂ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ತೋರಿಸದೆ ಇರುವುದರಿಂದ. ಇದು ನನಗೆ ಯಾವಾಗಲೂ ನೋವು ತರುವ ಸಂಗತಿ.

ಕನ್ನಡಕ್ಕೆ ತರುವಾಗ ಒಂದೇ ಸಮಾನಪದವನ್ನು ಎಲ್ಲ ಕಡೆ ತೂರಿಸಬಾರದು. ಹಣ, ಹುದ್ದೆ, ರಜೆ ಇವುಗಳಿಗೆ ಮಂಜೂರು ಅಥವಾ ಮಂಜೂರಾತಿ ಚೆನ್ನಾಗಿ ಹೊಂದುತ್ತದೆ. ಯೋಜನೆ, ನಕ್ಷೆ, ಪ್ರಸ್ತಾವಗಳಿಗೆ ಅನುಮೋದನೆ. ಅಭಿಯೋಜನೆಯ, ಅಂದರೆ ಪ್ರಾಸಿಕ್ಯೂಷನ್ನಿನ ಸಂದರ್ಭದಲ್ಲಿ ಪೂರ್ವಾನುಮತಿ. ವಿದ್ಯಾರ್ಥಿಯ ಅಥವಾ ಆಟಗಾರನ ಮೇಲಾದರೆ ಶಿಸ್ತುಕ್ರಮ. ‘ದಿಗ್ಬಂಧನ’ ಎಂಬುದನ್ನು ಕೆಲವರು ಸ್ಯಾಂಕ್ಷನ್ಸ್‌ಗೆ ಬಳಸುವುದುಂಟು. ನನ್ನ ಅಭಿಪ್ರಾಯದಲ್ಲಿ ಅದನ್ನು ಬಂದರುಗಳನ್ನೂ ಗಡಿಗಳನ್ನೂ ಬಲಪ್ರಯೋಗದಿಂದ ಮುಚ್ಚುವ ‘ಬ್ಲಾಕೇಡ್’ ಎಂಬುದಕ್ಕೆ ಉಳಿಸಿಕೊಳ್ಳುವುದು ಲೇಸು. ಬ್ಯಾಂಕ್ ಖಾತೆಗಳನ್ನು ಸ್ತಂಭನಗೊಳಿಸುವುದು, ವೀಸಾ ನಿರಾಕರಿಸುವುದು ಕೂಡ ಸ್ಯಾಂಕ್ಷನ್ಸ್ ಆಗುತ್ತವೆ, ಅವುಗಳಲ್ಲಿ ದಿಕ್ಕುಗಳನ್ನು ಬಂಧಿಸುವ ಕೆಲಸವೇನೂ ಇಲ್ಲ.

ಇಂತಹ ಪದಗಳನ್ನು ಕಲಿಯುವ ಕ್ರಮದ ಕುರಿತು ಕೇಳಿದ್ದೀರಿ. ಇಂಗ್ಲಿಷ್‌-ಕನ್ನಡ ನಿಘಂಟಿನ ಜೊತೆಗೆ ಕಲಿಯುವವರಿಗೆಂದೇ ಮಾಡಿದ ಒಂದು ಇಂಗ್ಲಿಷ್‌-ಇಂಗ್ಲಿಷ್ ನಿಘಂಟನ್ನು ಇಟ್ಟುಕೊಳ್ಳಿ. ಈ ಬಗೆಯ ನಿಘಂಟು ಬೆಳೆದದ್ದೇ ನಮ್ಮಂತಹವರಿಗಾಗಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ತಮ್ಮ ಸಹೋದ್ಯೋಗಿಗಳೊಂದಿಗೆ ಸಿದ್ಧಪಡಿಸಿ 1942ರಲ್ಲಿ ಅಲ್ಲಿಯೇ ಅಚ್ಚಾದ ನಿಘಂಟು ಮುಂದೆ ಆಕ್ಸ್‌ಫರ್ಡಿನಿಂದ ಪರಿಷ್ಕೃತವಾಗಿ ಬಂದು ಇಂದಿಗೂ ನಮ್ಮ ಗ್ರಂಥಾಲಯಗಳಲ್ಲಿದೆ. ನಾಮಪದ ಎಣಿಕೆಗೆ ಬರುತ್ತದೆಯೇ, ಅದು ಬಹುವಚನದಲ್ಲಿಯೇ ಇರಬೇಕೇ, ಮುಂದೆ ‘ಫಾರ್’, ‘ಆನ್’ ಇಂತಹ ಯಾವ ಉಪಸರ್ಗಾವ್ಯಯ ಸೇರುತ್ತದೆ ಎಂಬುದನ್ನು ಅದರಲ್ಲಿ ಪ್ರತಿ ಅರ್ಥದ ಪಕ್ಕದಲ್ಲಿಯೇ ಗುರುತು ಮಾಡಿರುತ್ತಾರೆ. ನಮ್ಮ ವಿದ್ಯಾರ್ಥಿಗಳು ಅರ್ಥವನ್ನಷ್ಟೇ ನೋಡಿ ಆ ಚಿಕ್ಕ ಗುರುತುಗಳನ್ನು ದಾಟಿ ಹೋಗುತ್ತಾರೆ. ಸ್ಯಾಂಕ್ಷನ್‌ನಂತಹ ಪದಗಳಲ್ಲಿ ಆ ಗುರುತುಗಳೇ ಅರ್ಥವನ್ನು ನಿರ್ಧರಿಸುವವು. ಅನಂತರ ನೀವು ಓದುವ ಪತ್ರಿಕೆಯಿಂದಲೇ ಪದ ಬಂದ ಪೂರ್ಣ ವಾಕ್ಯಗಳನ್ನು ಬರೆದುಕೊಳ್ಳಿ, ಪ್ರತಿ ವಾಕ್ಯದಲ್ಲಿ ಅದರ ಎಡಬಲದ ಪದಗಳ ಕೆಳಗೆ ಗೆರೆ ಎಳೆಯಿರಿ. ಹತ್ತಾರು ವಾಕ್ಯಗಳು ಸೇರುವಷ್ಟರಲ್ಲಿ ವಿಂಗಡಣೆ ತಾನಾಗಿಯೇ ಕಣ್ಣಿಗೆ ಕಾಣುತ್ತದೆ, ಮತ್ತು ಹಾಗೆ ಕಂಡದ್ದು ಬಾಯಿಪಾಠ ಮಾಡಿದ್ದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ. ಇದೇ ರೀತಿಯಲ್ಲಿ ಮುಂದೆ ‘ಓವರ್‌ಸೈಟ್’ ಎಂಬ ಪದವನ್ನು ನೋಡಬಹುದು: ‘ಓವರ್‌ಸೈಟ್ ಆಫ್ ದ ಡಿಪಾರ್ಟ್‌ಮೆಂಟ್’ ಎಂದರೆ ಸಾಮಾನ್ಯವಾಗಿ ಮೇಲ್ವಿಚಾರಣೆ, ‘ಡ್ಯೂ ಟು ಆ್ಯನ್ ಓವರ್‌ಸೈಟ್’ ಎಂದರೆ ಕಣ್ತಪ್ಪು, ಅಲ್ಲಿಯೂ ‘ಆ್ಯನ್’ ಎಂಬ ಚಿಕ್ಕ ಉಪಪದವೇ ಗುರುತು ಕೊಡುತ್ತದೆ.

ಪರೀಕ್ಷೆಯ ಮಾತು ಉಳಿಯಿತು. ವಾಕ್ಯವಿಲ್ಲದೆ ಬಿಡಿಯಾಗಿ ಸ್ಯಾಂಕ್ಷನ್ ಪದದ ಸಮಾನಾರ್ಥಕ ಕೇಳಿ, ಆಯ್ಕೆಗಳಲ್ಲಿ ‘ಅಪ್ರೂವಲ್’, ‘ಅಪ್ರೂವ್’, ‘ಆಥರೈಸ್’, ‘ಪರ್ಮಿಟ್’ ಇವುಗಳಲ್ಲಿ ಒಂದಿದ್ದು ದಂಡನೆಯ ಪದ ಇಲ್ಲದಿದ್ದರೆ ಅದನ್ನೇ ಆರಿಸಿರಿ. ವಿರುದ್ಧಾರ್ಥಕ ಕೇಳಿದರೆ ‘ಪ್ರೊಹಿಬಿಟ್’, ‘ಬ್ಯಾನ್’, ‘ಡಿಸ್‌ಅಪ್ರೂವಲ್’ ಇವುಗಳನ್ನು ಹುಡುಕಿರಿ. ‘ಪೆನಾಲ್ಟಿ’ ಎಂಬುದು ಮಾತ್ರ ಇದ್ದರೆ ಅದೂ ಸರಿಯಾದ ಸಮಾನಾರ್ಥಕವೇ, ಅಂಜಬೇಕಾಗಿಲ್ಲ. ವಾಕ್ಯ ಕೊಟ್ಟಿದ್ದರೆ ಆಯ್ಕೆಗಳನ್ನು ಓದುವುದಕ್ಕೆ ಮೊದಲೇ ವಚನವನ್ನೂ, ಹಿಂದಿನ ಕ್ರಿಯಾಪದವನ್ನೂ, ಮುಂದಿನ ‘ಫಾರ್’ ಅಥವಾ ‘ಆನ್’ ಎಂಬುದನ್ನೂ ನೋಡಿ ಅರ್ಥವನ್ನು ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಿ, ಆಮೇಲೆ ಆಯ್ಕೆಗಳ ಕಡೆ ಕಣ್ಣು ಹಾಯಿಸಿ. ಮೊದಲೇ ಆಯ್ಕೆಗಳನ್ನು ಓದಿದರೆ ಎರಡೂ ಅರ್ಥಗಳು ಒಟ್ಟಿಗೆ ಎದುರು ನಿಂತು, ಗೊತ್ತಿದ್ದ ಉತ್ತರವೂ ಸಂಶಯಕ್ಕೆ ಬೀಳುತ್ತದೆ.